ನಮ್ಮ ಅರವಟ್ಟಿಗೆಯ ನೀರು

ಆ ಬೇಸಿಗೆಯಲ್ಲಿ ನಮ್ಮೂರಿಗೆ ವಾಂತಿಭೇದಿ ಹತ್ತಿದ್ದು ಬಸ್ ಸ್ಟಾಪಿನ ಇಡ್ಲಿ ಅಂಗಡಿಯಿಂದಲ್ಲ, ಬಿಸಿಲಿನಿಂದಲ್ಲ, ಮಾರಿಯ ಮುನಿಸಿನಿಂದಲೂ ಅಲ್ಲ. ನಮ್ಮ ಮನೆಯವರು ಇಟ್ಟಿದ್ದ ಅರವಟ್ಟಿಗೆಯ ನೀರಿನಿಂದ. ಆ ನೀರನ್ನು ದಿನಾ ತುಂಬಿಸುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿಗೂ ನಮ್ಮ ಮನೆಯಲ್ಲಿ ಇದನ್ನು ಸುತ್ತಿ ಬಳಸಿ ಹೇಳುವವರಿದ್ದಾರೆ, ಅವರ ಮಾತು ನಿಮ್ಮ ಕಿವಿಗೆ ಬೀಳುವ ಮೊದಲು ನನ್ನದು ಬೀಳಲಿ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ನಮ್ಮೂರು. ಬೇಸಿಗೆ ಬಂತೆಂದರೆ ಬಸ್ ನಿಲ್ಲುವ ಕಡೆ ತೆಂಗಿನ ಗರಿಯ ಚಪ್ಪರ ಹಾಕಿ, ನೆರಳಿನಲ್ಲಿ ಮಣ್ಣಿನ ದೊಡ್ಡ ಗುಡಾಣ ಇಟ್ಟು, ದಾರಿಯಲ್ಲಿ ಹೋಗುವವರಿಗೆಲ್ಲ ಕುಡಿಯುವ ನೀರು ಕೊಡುವುದು ನಮ್ಮ ಮನೆತನದ ವಾಡಿಕೆ. ಅದೇ ಅರವಟ್ಟಿಗೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಬರುವ ಹೊತ್ತಿಗೆ ಇಟ್ಟರೆ ಮುಂಗಾರು ಹುಯ್ಯುವವರೆಗೆ ತೆಗೆಯುವುದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನ್ನ ಅತ್ತೆ ಬಿಂದಿಗೆಯನ್ನು ನನ್ನ ಸೊಂಟಕ್ಕೆ ಏರಿಸಿ ಎರಡು ಕಟ್ಟಳೆ ಹೇಳಿದ್ದರು. ನೀರು ನಮ್ಮ ಹಿತ್ತಿಲ ಬಾವಿಯದೇ ಆಗಬೇಕು, ಬೇರೆ ಕಡೆಯದು ಬೆರೆತರೆ ಪುಣ್ಯ ಅವರ ಪಾಲಾಗುತ್ತದೆ. ಇನ್ನೊಂದು, ಶಿವರಾತ್ರಿಗೆ ತುಂಬಿದ ಗುಡಾಣ ಮಳೆ ಬರುವವರೆಗೆ ಬರಿದಾಗಕೂಡದು. ತಳ ಕಂಡರೆ ಮನೆಯ ಬಾವಿ ಬತ್ತುತ್ತದೆ.

ಯಾಕೆ ಎಂದು ನಾನು ಕೇಳಲಿಲ್ಲ. ಆಗ ಕೇಳುವ ವಯಸ್ಸೂ ಅಲ್ಲ, ಕೇಳಿಸಿಕೊಳ್ಳುವ ಅತ್ತೆಯೂ ಅಲ್ಲ. ಅಲ್ಲಿಂದ ಪ್ರತಿ ಬೇಸಿಗೆಯೂ ದಿನಾ ಬೆಳಿಗ್ಗೆ ನಾಲ್ಕು ಬಿಂದಿಗೆ ಹೊತ್ತೆ. ನಿನ್ನೆ ಉಳಿದ ನೀರಿನ ಮೇಲೆ ಇವತ್ತಿನ ನೀರು, ಅದರ ಮೇಲೆ ನಾಳೆಯದು. ಮೂರು ತಿಂಗಳು ಆ ಗುಡಾಣದ ಒಳಗೆ ಒಂದು ಸಲವೂ ಕೈಯಾಡಿಸಿ ತೊಳೆದದ್ದಿಲ್ಲ. ಹೊರಗೆ ಮಾತ್ರ ಒರೆಸಿ, ವಿಭೂತಿ ಪಟ್ಟೆ ಎಳೆದು, ಕಣಗಲೆ ಹೂವು ಸಿಕ್ಕಿಸುತ್ತಿದ್ದೆ. ಕುಡಿಯುವುದಕ್ಕೆ ಒಂದೇ ಸ್ಟೀಲ್ ಲೋಟ, ಯಾರೂ ಹೊತ್ತೊಯ್ಯದಿರಲೆಂದು ಅದಕ್ಕೆ ಸರಪಳಿ. ಲೋಟದ ಜೊತೆಗೆ ಕುಡಿಯುವವರ ಕೈಯೂ ಮಣಿಕಟ್ಟಿನವರೆಗೆ ನೀರಿಗೆ ಇಳಿಯುತ್ತಿತ್ತು. ಗದ್ದೆಯಿಂದ ಬಂದ ಕೈ, ದನ ತೊಳೆದ ಕೈ, ಮಗುವಿನ ಮೂಗು ಒರೆಸಿದ ಕೈ. ಎಲ್ಲರೂ ಕುಡಿದು, ನೀರು ಎಷ್ಟು ತಣ್ಣಗಿದೆ ನೋಡಿ ಎನ್ನುತ್ತಿದ್ದರು. ನಾನೂ ಬೀಗುತ್ತಿದ್ದೆ.

ಈಗ ಬಾವಿಯ ವಿಷಯ. ನಮ್ಮ ಮನೆಯ ಹಿರಿಯರೆಂದರೆ ನನ್ನ ಗಂಡನ ಅಣ್ಣ, ನನ್ನ ಭಾವ. ನನ್ನ ಗಂಡ ತೀರಿಕೊಂಡ ಮೇಲೆ ಮನೆಗೂ ಅವರೇ ಯಜಮಾನರು, ಊರಿನ ಪಂಚಾಯ್ತಿ ಮಾತಿಗೂ ಅವರೇ ಯಜಮಾನರು. ಎರಡು ವರ್ಷದ ಕೆಳಗೆ ಅವರಿಗೆ ಮಂಡಿ ನೋವು ಹೆಚ್ಚಾಗಿ, ಹಿತ್ತಿಲಿನಲ್ಲಿ ಕೂರುವ ಕುರ್ಚಿಯಂಥ ಕಕ್ಕಸು ಕಟ್ಟಿಸಿದರು. ಗುಂಡಿ ಎಲ್ಲಿ ತೋಡುವುದು ಎಂದು ಮೇಸ್ತ್ರಿ ಕೇಳಿದಾಗ, ಬಾವಿಯ ಕಡೆ ಮಣ್ಣು ಮೆದು ಇದೆ, ಬೇಗ ಮುಗಿಯುತ್ತದೆ ಎಂದು ಅಲ್ಲೇ ತೋಡಿಸಿದರು. ಬಾವಿಯಿಂದ ಹತ್ತು ಹೆಜ್ಜೆಯೂ ಇಲ್ಲ. ಅದಾದ ಮೇಲೆ ಬಾವಿಯ ನೀರು ಒಂದು ಥರಾ ಸಪ್ಪೆ ಹೊಡೆಯಿತು. ಆದರೆ ನಮಗೇನು? ಅಷ್ಟು ಹೊತ್ತಿಗೆ ನನ್ನ ಮಗ ಅಡುಗೆಮನೆಯ ಗೋಡೆಗೆ ಫಿಲ್ಟರ್ ಮೆಷಿನ್ ಹಾಕಿಸಿದ್ದ. ಮನೆಯವರು ನಲ್ಲಿ ನೀರನ್ನು ಮೆಷಿನ್ನಿಗೆ ಬಿಟ್ಟು ಕುಡಿಯುತ್ತಿದ್ದೆವು. ಬಾವಿ ನೀರು ದನಕ್ಕೆ, ಬಟ್ಟೆಗೆ, ಮತ್ತೆ ದಾರಿಯಲ್ಲಿ ಹೋಗುವವರಿಗೆ. ನಮ್ಮ ಹೊಟ್ಟೆಗೆ ಒಂದು ನೀರು, ಪುಣ್ಯಕ್ಕೆ ಇನ್ನೊಂದು ನೀರು. ಇದು ಯಾರ ಮನಸ್ಸಿಗೂ ಚುಚ್ಚಲಿಲ್ಲ, ನನ್ನದಕ್ಕೂ.

ಅರವಟ್ಟಿಗೆಯಿಂದ ನಾಲ್ಕು ಮಾರು ದೂರಕ್ಕೆ ಇಡ್ಲಿ ಅಂಗಡಿ. ಅಂಗಡಿಯೇನು, ನಾಲ್ಕು ಶೀಟು, ಒಂದು ಒಲೆ, ಎರಡು ಬೆಂಚು. ಅದನ್ನು ನಡೆಸುವವಳು ಬನ್ನೂರಿನ ಕಡೆಯ ಹೆಂಗಸು. ಗಂಡ ಹೋದ ಮೇಲೆ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಜಾಗ ನಮ್ಮ ಮನೆಯದು, ರಸ್ತೆ ಬದಿಯ ತುಂಡು ನೆಲ. ಮಗಳು ನಂಜನಗೂಡಿನ ಕಾಲೇಜಿಗೆ ಹೋಗುತ್ತಿದ್ದಳು. ಆ ಒಲೆ ಹತ್ತಿದರೆ ಇಬ್ಬರಿಗೂ ಊಟ, ಹತ್ತದಿದ್ದರೆ ಇಲ್ಲ. ಅವಳು ಮಾತು ಕಡಿಮೆ, ಕೆಲಸ ಚೊಕ್ಕಟ. ಬಾವಿ ಇಲ್ಲದವಳಾದ್ದರಿಂದ ಪಂಚಾಯ್ತಿಯ ಫಿಲ್ಟರ್ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನಿನಲ್ಲಿ ನೀರು ಹಿಡಿದು, ತಳ್ಳುಗಾಡಿಯಲ್ಲಿ ತರುತ್ತಿದ್ದಳು. ಹಿಟ್ಟಿಗೂ ಅದೇ, ಚಟ್ನಿಗೂ ಅದೇ. ಆ ನೀರನ್ನು ಅಳೆದು ಖರ್ಚು ಮಾಡುತ್ತಿದ್ದಳು. ಹಾಗಾಗಿ ಅವಳಲ್ಲಿ ತಿಂದವರು ಬಾಯಾರಿಕೆಗೆ ನಾಲ್ಕು ಮಾರು ನಡೆದು ನಮ್ಮ ಗುಡಾಣಕ್ಕೇ ಬರುತ್ತಿದ್ದರು. ಇದನ್ನು ನೆನಪಿಡಿ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಶುರುವಾಯಿತು. ಮೊದಲು ಬಸ್ಸಿಗೆ ಕಾಯುವ ಇಬ್ಬರು ಮೂವರು. ಆಮೇಲೆ ಕಬ್ಬು ಕಡಿಯಲು ಬಂದಿದ್ದ ಆಳುಗಳು. ಆಮೇಲೆ ಶಾಲೆಯ ಮಕ್ಕಳು. ವಾಂತಿ, ನೀರಿನಂಥ ಭೇದಿ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು. ಕೆಳಗಿನ ಬೀದಿಯ ಒಬ್ಬ ಮುದುಕನನ್ನು ಆಟೋದಲ್ಲಿ ಮಲಗಿಸಿ ನಂಜನಗೂಡಿಗೆ ಒಯ್ದು ಡ್ರಿಪ್ ಹಾಕಿಸಿದರು. ಯಾರೂ ಸಾಯಲಿಲ್ಲ. ಅದು ನಮ್ಮ ಹೆಚ್ಚುಗಾರಿಕೆಯಲ್ಲ.

ಒಂದು ಬೆಳಿಗ್ಗೆ ನನ್ನ ಮೊಮ್ಮಗಳೇ ಬಿದ್ದಳು. ಆರು ವರ್ಷದ ಹುಡುಗಿ. ಹತ್ತು ಗಂಟೆಯ ಒಳಗೆ ಏಳೆಂಟು ಸಲ ಹೋದಳು, ತುಟಿ ಒಣಗಿತು, ಕಣ್ಣು ಒಳಕ್ಕೆ ಹೋಯಿತು. ನೀರು ನೀರು ಎಂದಳು. ನನ್ನ ಓರಗಿತ್ತಿ, ಭಾವನ ಹೆಂಡತಿ, ಲೋಟವನ್ನು ನನ್ನ ಸೊಸೆಯ ಕೈಯಿಂದ ಕಿತ್ತುಕೊಂಡಳು.

"ನೀರ ಮುಟ್ಟುಸ್ಬ್ಯಾಡ. ಒಳಿಕ್ಕೆ ಓದಷ್ಟೂ ಒರಿಕ್ಕೆ ಬತ್ತದೆ" ಎಂದಳು.

ನಾನೂ ಅದೇ ನಂಬಿ ಬೆಳೆದವಳು. ಸೋರುವ ಕೊಡಕ್ಕೆ ನೀರು ಹುಯ್ಯಬಾರದು, ಮೊದಲು ತೂತು ಒಣಗಬೇಕು ಎಂಬ ಲೆಕ್ಕ. ಹಿಂದೆ ನನ್ನ ಎರಡನೆಯ ಮಗುವಿಗೆ ಭೇದಿಯಾದಾಗ ಒಂದು ಗುಟುಕು ನೀರು ಕೊಡದೆ ಒಣಗಿಸಿ ಮಣ್ಣಿಗಿಟ್ಟೆ. ಅದರ ಬಗ್ಗೆ ಇಷ್ಟೇ ಹೇಳುವುದು. ಆ ದಿನ ಲೋಟವನ್ನು ಓರಗಿತ್ತಿಯ ಕೈಯಿಂದ ನಾನು ಕಿತ್ತುಕೊಂಡು, ಸೊಸೆಗೆ ನರ್ಸಮ್ಮನನ್ನು ಕರೆದುಕೊಂಡು ಬಾ ಎಂದೆ.

ನರ್ಸಮ್ಮ ಎಂದರೆ ನಮ್ಮ ಉಪಕೇಂದ್ರದ ಹುಡುಗಿ. ಆ ವಾರ ಅವಳು ಸ್ಕೂಟರಿನಲ್ಲಿ ಮನೆಮನೆ ಸುತ್ತಿ ಸುಣ್ಣವಾಗಿದ್ದಳು. ಬಂದವಳೇ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಮಡಿಕೆ ತಕ್ಷಣ ಇಳಿಯಲಿಲ್ಲ. ನಿಧಾನವಾಗಿ, ಒದ್ದೆ ಬಟ್ಟೆಯ ಸುಕ್ಕಿನ ಹಾಗೆ ಇಳಿಯಿತು. ಕಡೆಯ ಸಲ ಉಚ್ಚೆ ಹುಯ್ದದ್ದು ಯಾವಾಗ ಎಂದು ಕೇಳಿದಳು, ಭೇದಿಯಲ್ಲಿ ರಕ್ತ ಬಿತ್ತೇ ಎಂದು ಕೇಳಿದಳು. ರಕ್ತ ಇರಲಿಲ್ಲ.

"ಅಜ್ಜಿ, ಭೇದಿ ನಿಲ್ಲಿಸೋದು ಆಮೇಲೆ. ಮೊದ್ಲು ಹೋಗಿರೋ ನೀರು ವಾಪಸ್ ತುಂಬ್ಬೇಕು. ಸಾಯ್ಸೋದು ಭೇದಿ ಅಲ್ಲ, ಒಣಗೋದು" ಎಂದಳು.

ಓಆರ್‌ಎಸ್ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿಸಿದಳು. ಅರ್ಧ ಪೊಟ್ಟಣ ಇವತ್ತು, ಅರ್ಧ ನಾಳೆ ಎನ್ನುವ ಹಾಗಿಲ್ಲ. ಕಲೆಸಿದ್ದನ್ನು ಮಾರನೆಯ ದಿನಕ್ಕೆ ಇಡುವ ಹಾಗೂ ಇಲ್ಲ. ಚಮಚ ಚಮಚವಾಗಿ ಕುಡಿಸಬೇಕು, ಕಕ್ಕಿದರೆ ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಶುರು ಮಾಡಬೇಕು, ಒಂದೊಂದು ಸಲ ಹೋದಾಗಲೂ ಅರ್ಧ ಲೋಟ ಮೇಲೆ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಅದಕ್ಕಿಂತ ಹೆಚ್ಚು ಹಾಕಿದರೆ ಅದೇ ವಿಷ. ಗಂಜಿ, ಮೊಸರನ್ನ, ಬಾಳೆಹಣ್ಣು, ಯಾವುದನ್ನೂ ನಿಲ್ಲಿಸಬೇಡಿ ಎಂದಳು. ಜಿಂಕ್ ಮಾತ್ರೆ ಕೊಟ್ಟು ಭೇದಿ ನಿಂತರೂ ಹದಿನಾಲ್ಕು ದಿನ ಬಿಡಬಾರದು ಎಂದಳು. ಮೆಡಿಕಲ್ ಸ್ಟೋರಿನಲ್ಲಿ ಭೇದಿ ಕಟ್ಟುವ ಮಾತ್ರೆ ಕೇಳಿ ತಂದು ಮಗುವಿಗೆ ಹಾಕಬೇಡಿ ಎಂದೂ ಬೈದ ಹಾಗೆ ಹೇಳಿದಳು. ಸಂಜೆಯೊಳಗೆ ಉಚ್ಚೆ ಹುಯ್ಯದಿದ್ದರೆ, ಮಂಪರು ಬಂದು ಕುಡಿಯಲಾರದೆ ಹೋದರೆ, ರಕ್ತ ಕಂಡರೆ, ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ.

ನಾನು ಮಗುವಿನ ಪಕ್ಕ ಕೂತು ಚಮಚ ಹಿಡಿದೆ. ಸಂಜೆ ನಾಲ್ಕು ಗಂಟೆಗೆ ಹುಡುಗಿ ಉಚ್ಚೆ ಹುಯ್ದಳು. ನನ್ನ ಸೊಸೆ ಅತ್ತಳು. ಅಳುವುದಕ್ಕೇನಿದೆ, ಇನ್ನೊಂದು ಲೀಟರ್ ಕಾಯಿಸು ಎಂದೆ.

ಹುಡುಗಿ ಎದ್ದು ಕೂತ ಮೇಲೆ ಏನು ತಿಂದೆ, ಎಲ್ಲಿ ತಿಂದೆ ಎಂದು ಕೇಳಿದೆ. ಇಡ್ಲಿ ಅಂಗಡಿಯ ಹತ್ತಿರವೂ ಸುಳಿದಿರಲಿಲ್ಲ. ಆದರೆ ಸ್ಕೂಲಿಂದ ಬರುವಾಗ ದಿನಾ ಅರವಟ್ಟಿಗೆಯಲ್ಲಿ ನೀರು ಕುಡಿಯುತ್ತಿದ್ದಳಂತೆ.  ಆ ನಾಲ್ಕು ಬಿಂದಿಗೆ ಹೊತ್ತು ತುಂಬಿಸಿದವಳು ನಾನೇ.

ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಇಡ್ಲಿ ಅಂಗಡಿಯೇ ಕಾರಣ. ಮಲಗಿದವರಲ್ಲಿ ಹೆಚ್ಚಿನವರು ಅಲ್ಲಿ ತಿಂದಿದ್ದವರೇ ಅಲ್ಲವೇ? ಹಳೇ ಹಿಟ್ಟು ಬೆರೆಸುತ್ತಾಳೆ, ಪಾತ್ರೆ ಸರಿಯಾಗಿ ತೊಳೆಯುವುದಿಲ್ಲ, ಎಲ್ಲಿಂದಲೋ ಬಂದವಳು, ಹೀಗೆ. ನಿನ್ನೆವರೆಗೂ ಅವಳ ಚಟ್ನಿಯನ್ನು ಬೆರಳಿನಿಂದ ನೆಕ್ಕಿದವರೇ ಇದನ್ನು ಹೇಳುತ್ತಿದ್ದರು. ಭಾವ ಅವಳಿಗೆ ಒಲೆ ಹಚ್ಚಬೇಡ ಎಂದು ಹೇಳಿ ಕಳಿಸಿದರು. ಭಾನುವಾರ ಸಂಜೆ ಮಠದ ಜಗಲಿಯಲ್ಲಿ ಕೂತು ಮಾತಾಡುವುದು, ಸೋಮವಾರ ಶೀಟು ಕಿತ್ತು ಜಾಗ ಬಿಡಿಸುವುದು ಎಂದಾಯಿತು.

ಅವಳು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಅಳಲೂ ಇಲ್ಲ. ಮಗಳ ಪರೀಕ್ಷೆ ಇನ್ನು ಎರಡು ವಾರಕ್ಕಿದೆ, ಅಲ್ಲಿಯವರೆಗಾದರೂ ಒಲೆ ಹಚ್ಚಲು ಬಿಡುವಂತೆ ಯಜಮಾನರಿಗೆ ಹೇಳಿ ಎಂದು ಕೇಳಿಕೊಂಡಳು. ತಪ್ಪು ತನ್ನದಲ್ಲ ಎಂದು ಕೂಡ ಹೇಳಲಿಲ್ಲ. ತನ್ನದೇ ಇರಬಹುದು ಎಂದು ಅವಳಿಗೇ ಅನುಮಾನ ಬಂದುಬಿಟ್ಟಿತ್ತು. ಅಷ್ಟು ಜನ ಸೇರಿ ಹೇಳಿದರೆ ಯಾರಿಗಾದರೂ ಬರುತ್ತದೆ. ನನಗೆ ಸಿಟ್ಟು ಬಂದಿದ್ದು ಅದಕ್ಕೆ.

ನರ್ಸಮ್ಮ ಶುಕ್ರವಾರವೇ ಊರಿನ ಮೂರು ಕಡೆಯ ನೀರನ್ನು ಮೂರು ಸಣ್ಣ ಸೀಸೆಗಳಲ್ಲಿ ಹಿಡಿದು ಅಂಗನವಾಡಿಯ ಕಪಾಟಿನಲ್ಲಿ ಇಟ್ಟಿದ್ದಳು. ಸೀಸೆಯೊಳಗೆ ಏನೋ ಔಷಧಿ ಮೊದಲೇ ಇರುತ್ತದೆ. ಹೇಲಿನ ಕ್ರಿಮಿ ನೀರಿನಲ್ಲಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ, ಇಲ್ಲದಿದ್ದರೆ ಬಣ್ಣ ಬದಲಾಗುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಓದಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಭಾನುವಾರ ಬೆಳಿಗ್ಗೆ ನಾನು ಜಿಂಕ್ ಮಾತ್ರೆಯ ನೆಪ ಮಾಡಿಕೊಂಡು ಅಂಗನವಾಡಿಗೆ ಹೋದೆ. ನರ್ಸಮ್ಮ ಅಲ್ಲೇ ರಿಜಿಸ್ಟರ್ ಬರೆಯುತ್ತಿದ್ದಳು. ಸೀಸೆಗಳಿಗೆ ಚೀಟಿ ಅಂಟಿಸಿದ್ದಳು. ಎರಡು ಹಾಗೇ ಇದ್ದವು. ಒಂದು ಇದ್ದಿಲು ಕದಡಿದ ಹಾಗೆ ಕರ್ರಗಾಗಿತ್ತು.

"ಯಾವುದವ್ವ ನಮ್ದು?" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ಯಜಮಾನರ ಮನೆ ಹೆಂಗಸಿಗೆ ಹೇಳಬೇಕೋ ಬೇಡವೋ ಎಂದು ನೋಡಿದಳು. "ಒಂದು ನಲ್ಲೀದು ಅಜ್ಜಿ. ಒಂದು ಇಡ್ಲಿ ಅಂಗಡಿ ಕ್ಯಾನಿಂದು" ಎಂದು ಹೇಳಿ ನಿಲ್ಲಿಸಿದಳು. ಉಳಿದ ಆ ಕಪ್ಪು ಸೀಸೆ ನಮ್ಮ ಗುಡಾಣದ್ದು. 

ಬಾವಿ, ಕಕ್ಕಸಿನ ಗುಂಡಿ, ತೊಳೆಯದ ಗುಡಾಣ, ಒಳಗೆ ಅದ್ದುವ ಕೈ, ಎಲ್ಲವನ್ನೂ ನಾನೇ ಅವಳಿಗೆ ಹೇಳಿದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೇ ಎಂದು ಕೇಳಿದೆ. ಗುಂಡಿ ಅಲ್ಲೇ ಇದ್ದರೆ ಇವತ್ತು ಹಾಕಿದ್ದು ನಾಳೆಗೆ ದಂಡ, ಗುಂಡಿಯನ್ನು ದೂರ ಮಾಡಬೇಕು, ಅಲ್ಲಿಯವರೆಗೆ ಆ ನೀರನ್ನು ಕುಡಿಯಲು ಯಾರಿಗೂ ಕೊಡಕೂಡದು ಎಂದಳು. ವರದಿ ಮೇಲಿನವರಿಗೆ ಕಳಿಸುತ್ತೇನೆ, ಆದರೆ ಬರುವ ವಾರ ಅವರು ಬರುವ ಹೊತ್ತಿಗೆ ಅಂಗಡಿ ಇರುವುದಿಲ್ಲವಲ್ಲ ಅಜ್ಜಿ ಎಂದಳು. ಆ ಕಪ್ಪು ಸೀಸೆಯನ್ನು ಕೇಳಿದೆ. ಮುಚ್ಚಳ ತೆಗೆಯಬಾರದು, ನಾಳೆ ವಾಪಸ್ ತರಬೇಕು, ಅದನ್ನು ಸರಿಯಾಗಿ ನಾಶ ಮಾಡಬೇಕು ಎಂದು ಮೂರು ಸಲ ಹೇಳಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟಳು. ಜೊತೆಗೆ ಕ್ಯಾನಿನ ನೀರಿನ ಸೀಸೆಯನ್ನೂ ಕೊಟ್ಟಳು.

ದಾರಿಯಲ್ಲಿ ಗುಡಾಣದ ಬಾಯಿಗೆ ತಟ್ಟೆ ಮುಚ್ಚಿ ಮೇಲೆ ಕಲ್ಲು ಹೇರಿ, ಮನೆಗೆ ಬಂದು ಭಾವನಿಗೆ ಮೊದಲು ಹೇಳಿದೆ. ಹಿಂದಿನಿಂದ ಹೋಗಿ ಚುಚ್ಚುವ ಅಭ್ಯಾಸ ನನಗಿಲ್ಲ. ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು.

"ಒಂದು ಸೀಸೆ ನೋಡ್ಕಂಡು ನಮ್ಮಪ್ಪನ ಎಸ್ರಿಗೆ ಮಸಿ ಬಳೀತೀಯಾ? ಮೂರ್ ತಲೆಮಾರಿಂದ ಆ ನೀರ್ ಕುಡ್ದು ಯಾರ್ ಸತ್ತವ್ರೆ?" ಎಂದರು.

"ಮೂರ್ ತಲೆಮಾರಿಂದ ಬಾವಿ ಮಗ್ಗುಲಲ್ಲಿ ಕಕ್ಕಸು ಇರ್ನಿಲ್ಲ ಭಾವ" ಎಂದೆ.

ಅವರ ಕಿವಿ ಕೆಂಪಾಯಿತು. ನನ್ನ ಮಗ ನಡುವೆ ಬಂದ. ಅವನು ಒಳ್ಳೆಯವನೇ, ಆದರೆ ದೊಡ್ಡಪ್ಪನ ಎದುರು ಅವನಿಗೆ ಬೆನ್ನುಮೂಳೆ ಇಲ್ಲ. "ಸುಮ್ಕಿರವ್ವ. ಗುಂಡಿನ ಬ್ಯಾರೆ ಕಡಿಕ್ಕೆ ತೋಡುಸ್ತೀನಿ, ಬಾವಿಗೆ ಪೌಡ್ರು ಆಕುಸ್ತೀನಿ. ಅದುನ್ನ ಊರ್ ಮುಂದೆ ಯಾಕ್ ಏಳ್ಬೇಕು?" ಎಂದ.

"ಅಂಗಾದ್ರೆ ಅವಳ ಅಂಗಡಿಯ ಊರ್ ಮುಂದೆ ಯಾಕ್ಲಾ ಕೀಳ್ಬೇಕು?" ಎಂದೆ.

 ಭಾವ ಜಗಲಿಯ ಕಡೆ ಕಾಲಿಡಬೇಡ ಎಂದು ನನಗೆ ಹೇಳಿ ಎದ್ದುಹೋದರು. ನಾನು ಊಟ ಮಾಡಿದೆ, ಮೊಮ್ಮಗಳಿಗೆ ಮಾತ್ರೆ ಕರಗಿಸಿ ಕೊಟ್ಟೆ, ಸೀರೆ ಬದಲಾಯಿಸಿದೆ. ಐದು ಗಂಟೆಗೆ ಕವರ್ ಹಿಡಿದುಕೊಂಡು ಮಠದ ಕಡೆ ನಡೆದೆ.

ಆ ಜಗಲಿಯ ಮೇಲೆ ಹೆಂಗಸರು ಕೂರುವ ಪದ್ಧತಿ ಇಲ್ಲ. ಕೆಳಗೆ ಬೇವಿನ ಮರದ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇವೆ, ಏನಾದರೂ ಹೇಳಬೇಕಾದರೆ ಗಂಡನ ಮುಖಾಂತರ ಹೇಳಿಸುತ್ತೇವೆ. ನನಗೆ ಗಂಡನಿಲ್ಲ, ಮಗ ಬಾಯಿ ಬಿಡುವುದಿಲ್ಲ. ಮೆಟ್ಟಿಲು ಹತ್ತಿ ಕಂಬದ ಪಕ್ಕ ಕೂತೆ. ಮಂಡಿ ನೋವಿನವಳು ಎಷ್ಟು ಹೊತ್ತು ನಿಲ್ಲಲಿ? ಇಡ್ಲಿ ಅಂಗಡಿಯವಳು ಮರದ ಹತ್ತಿರ ಮಗಳ ಜೊತೆ ನಿಂತಿದ್ದಳು.

ನಾನು ಕವರ್ ಬಿಚ್ಚಿ ಎರಡು ಸೀಸೆಯನ್ನೂ ಮುಂದಿಟ್ಟೆ. ಡೈರಿಗೆ ಹಾಲು ಹಾಕುವ ಒಬ್ಬ ಹಿರಿಯ, ನಾಲಗೆ ಚುರುಕಿನವನು, ಕಪ್ಪು ಸೀಸೆ ನೋಡಿ ನಕ್ಕ.

"ಏನಕ್ಕ, ಮಂಡಿಗೆ ಎಣ್ಣೆ ತಂದುಬುಟ್ಟಿದ್ದೀಯ?"

"ಎಣ್ಣೆ ಅಲ್ಲ ಕಣಪ್ಪ. ನೀನು ಮೊನ್ನೆ ಎರಡ್ ಲೋಟ ಕುಡುದ್ಯಲ್ಲ, ಅದು" ಎಂದೆ.

 ನಾನು ನಿಧಾನವಾಗಿ ಹೇಳಿದೆ. ಕರ್ರಗಿರುವುದು ನಮ್ಮ ಅರವಟ್ಟಿಗೆಯದು, ತಿಳಿ ಇರುವುದು ಇವಳ ಅಂಗಡಿಯದು. ನಮ್ಮ ಬಾವಿಗೆ ನಮ್ಮ ಕಕ್ಕಸು ಇಳಿದಿದೆ. ಅದನ್ನು ಗುಡಾಣಕ್ಕೆ ತುಂಬಿಸಿದ್ದು ನಾನು. ಆ ಗುಡಾಣವನ್ನು ಶಿವರಾತ್ರಿಯಿಂದ ತೊಳೆದಿಲ್ಲ, ನೀವೂ ಕೈ ತೊಳೆಯದೆ ಅದರೊಳಗೆ ಅದ್ದಿದ್ದೀರಿ. ಕೊರೋನಾ ಬಂದಾಗ ಬಾಗಿಲು ಬಾಗಿಲಿಗೆ ಸೋಪು ಇಟ್ಟು ಕೈ ಉಜ್ಜಿದವರು, ಅದು ಹೋದ ಕೂಡಲೇ ಕೈ ತೊಳೆಯುವುದನ್ನೂ ಬಿಟ್ಟಿರಿ. ಇವಳಲ್ಲಿ ತಿಂದವರೆಲ್ಲ ನಮ್ಮ ನೀರು ಕುಡಿದವರು. ಇವಳಲ್ಲಿ ತಿನ್ನದ ನನ್ನ ಮೊಮ್ಮಗಳೂ ನಮ್ಮ ನೀರು ಕುಡಿದವಳೇ. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಒಯ್ದು ತಿಂದವರು ಯಾರಾದರೂ ಮಲಗಿದ್ದರೆ ಈಗ ಹೇಳಿ ಎಂದೆ. ಒಬ್ಬರೂ ಹೇಳಲಿಲ್ಲ. ಡೈರಿಯ ಹಿರಿಯ ಮಾತ್ರ, ನಮ್ಮ ಮನೆಗೆ ದಿನಾ ಪಾರ್ಸೆಲ್ಲೇ, ನನ್ನ ಬಿಟ್ಟು ಯಾರಿಗೂ ಏನೂ ಆಗಲಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿದ.

ಮರದ ಹತ್ತಿರದಿಂದ ಅವಳು, "ಬ್ಯಾಡಿ ಅವ್ವಾರೆ, ನನ್ನಿಂದ ನಿಮ್ಮನೇಲಿ ಜಗಳ ಬ್ಯಾಡ, ನಾನೇ ಓಯ್ತೀನಿ" ಎಂದಳು.

"ನೀನು ಸುಮ್ಕಿರು. ನಿನ್ಗೋಸ್ಕರ ಬಂದಿಲ್ಲ ನಾನು" ಎಂದೆ. ಸುಳ್ಳಲ್ಲ ಅದು. ನಾನು ಹೊತ್ತ ನೀರಿನ ತಪ್ಪನ್ನು ಇನ್ನೊಬ್ಬಳ ತಲೆಗೆ ಸುರಿದು ಮನೆಯಲ್ಲಿ ಉಣ್ಣುವುದು ನನ್ನಿಂದ ಆಗುತ್ತಿರಲಿಲ್ಲ.

ಭಾವ ಎದ್ದು ನಿಂತರು. "ಮನೆ ಮಾನ ಕಳುದ್ಬುಟ್ಟೆ" ಎಂದರು.

"ಮಾನ ಬಾವಿಗ್ ಬಿದ್ದು ಎರಡ್ ವರ್ಷ ಆಯ್ತು ಭಾವ. ನಾನು ಇವತ್ತು ಸೇದಿ ಮೇಲಕ್ಕೆ ತಂದಿದ್ದೀನಿ, ಅಷ್ಟೆ."

ಅವರು ಅಲ್ಲಿಗೆ ಬಿಡಲಿಲ್ಲ. ರೋಗದ ಮಾತು ಏನಾದರೂ ಇರಲಿ, ಜಾಗ ನಮ್ಮದು, ಯಾರನ್ನು ಇಡುವುದು ಯಾರನ್ನು ಬಿಡಿಸುವುದು ನನ್ನಿಷ್ಟ, ನಾಳೆ ಬೆಳಿಗ್ಗೆ ಶೀಟು ಕೀಳಿಸುತ್ತೇನೆ ಎಂದರು. ಜನ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನಮ್ಮೂರಿನ ಜನ ಹಾಗೆ, ಯಾವ ಕಡೆ ಗಾಳಿ ಎಂದು ತಿಳಿಯುವವರೆಗೆ ಟವೆಲ್ ಕೊಡವಿಕೊಂಡು ಕೂರುತ್ತಾರೆ. ನಾನು ಕಂಬ ಹಿಡಿದು ಎದ್ದೆ.

"ಆ ತುಂಡು ಜಂಟಿ ಖಾತೆ ಭಾವ. ಪಹಣೀಲಿ ನಿಮ್ ತಮ್ಮಂದೂ ಎಸ್ರದೆ. ಅವ್ರು ಓದ್ಮ್ಯಾಲೆ ಆ ಪಾಲು ನಂದು. ಅವಳ ಒಲೆ ಇರೋದು ನನ್ನ ಪಾಲಿನ ಮ್ಯಾಲೆ. ನಿಮ್ಮ ಪಾಲಿನ ಮ್ಯಾಲೆ ಒಂದು ಬೆಂಚದೆ, ಬೇಕಾದ್ರೆ ಅದ ತೆಗುಸ್ಕಳಿ."

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗಂಡಸರು ನಗಲಿಲ್ಲ, ಆದರೆ ಡೈರಿಯ ಹಿರಿಯ ತಲೆ ತಗ್ಗಿಸಿ ಮೀಸೆ ತೀಡಿಕೊಂಡ. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅವತ್ತು ರಾತ್ರಿ ಓರಗಿತ್ತಿ ಅನ್ನದ ತಪ್ಪಲೆಯನ್ನು ನನ್ನ ಮುಂದೆ ಕುಕ್ಕಿದಳು. ಬಡಿಸಿಕೊಂಡು ಉಂಡೆ.

ಮಾರನೆಯ ಬೆಳಿಗ್ಗೆ ಬೆಳಕು ಹರಿದ ಕೂಡಲೇ ರಸ್ತೆಗೆ ಹೋಗಿ ಗುಡಾಣವನ್ನು ಉರುಳಿಸಿದೆ. ತಳದಲ್ಲಿ ಬೆರಳು ದಪ್ಪದ ಲೋಳೆ, ಒಂದು ಬಳೆಚೂರು, ಎರಡು ಬೀಡಿ ತುಂಡು, ಸತ್ತ ಹಲ್ಲಿ. ಬಸ್ಸಿಗೆ ನಿಂತಿದ್ದವರು ಇಣುಕಿ ನೋಡಿ ಮೂಗು ಮುಚ್ಚಿಕೊಂಡರು. ನೋಡಲಿ ಎಂದೇ ಅಲ್ಲೇ ಉರುಳಿಸಿದ್ದು. ಸರಪಳಿಯ ಲೋಟವನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಲ್ಲಿಂದ ಇಡ್ಲಿ ಅಂಗಡಿಯವಳ ಮನೆಗೆ ಹೋಗಿ ಅವಳನ್ನು ಎಬ್ಬಿಸಿ, ತಳ್ಳುಗಾಡಿ ತೆಗೆಸಿ, ಇಬ್ಬರೂ ಫಿಲ್ಟರ್ ಘಟಕಕ್ಕೆ ಹೋದೆವು. ಬಾವಿ ಇರುವ ಮನೆಯವರು ಅಲ್ಲಿ ಸಾಲಿನಲ್ಲಿ ನಿಲ್ಲುವುದಿಲ್ಲ, ಅದು ಕೀಳು ಎಂಬ ಲೆಕ್ಕ. ನಾನು ಆರನೆಯವಳಾಗಿ ನಿಂತೆ. ಮುಂದಿದ್ದ ಹುಡುಗಿ ಜಾಗ ಬಿಡಲು ಹೋದಳು, ಬೇಡ ಎಂದೆ.

ನಾಲ್ಕು ಕ್ಯಾನ್ ತಂದೆವು. ಎರಡನ್ನು ಮನೆಯಿಂದ ತಂದ ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಹುಯ್ದು ಚಪ್ಪರದ ಕೆಳಗೆ ಇಟ್ಟೆ. ನಲ್ಲಿ ತಿರುಗಿಸಿ ಬೊಗಸೆಯಲ್ಲಿ ಹಿಡಿದು ಕುಡಿಯಬೇಕು, ಯಾರ ಕೈಯೂ ಒಳಗೆ ಹೋಗುವ ಹಾಗಿಲ್ಲ. ಪಕ್ಕದಲ್ಲಿ ಒಂದು ಸೋಪು ಕಟ್ಟಿದೆ. ಉಳಿದ ಎರಡು ಕ್ಯಾನನ್ನು ಅಂಗಡಿಯೊಳಗೆ ಇಳಿಸಿ, ಒಲೆ ಹಚ್ಚು ಎಂದೆ. ಹಿಟ್ಟು ಹೇಗೂ ಅವಳು ರುಬ್ಬಿಟ್ಟಿದ್ದಳು, ಅಭ್ಯಾಸ ಬಿಡುತ್ತದೆಯೇ?  ಮೊದಲ ತಟ್ಟೆ ಬೆಂದಾಗ ಭಾವ ಹಾಲಿನ ಕ್ಯಾನ್ ಹಿಡಿದು ಡೈರಿಯ ಕಡೆ ಹೊರಟಿದ್ದರು. ಶೀಟು ಕೀಳುವ ಆಳುಗಳು ಅವರ ಹಿಂದೆ ಇರಲಿಲ್ಲ. ಅವರು ನನ್ನನ್ನು ನೋಡಿದರು, ನಾನೂ ನೋಡಿದೆ.  ಅವರು ಮುಂದೆ ಹೋದರು.

ನಾನು ರಸ್ತೆಗೆ ಮುಖ ಮಾಡಿ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ನಾಲ್ಕು ಇಡ್ಲಿ ತಿಂದೆ. ಚಟ್ನಿಗೆ ಉಪ್ಪು ಕಡಿಮೆಯಾಗಿತ್ತು. ಅದನ್ನೂ ಅವಳಿಗೆ ಹೇಳಿದೆ.